ಮೊದಲು ನಾತದ ಬಾಯಿ ಮುಚ್ಚಿ, ಆಮೇಲೆ ಊದುಬತ್ತಿ ಹಚ್ಚಿ

ಮಾವನವರು ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ನೋಡಲು ಬಂದ ನೆಂಟರು ಕೋಣೆಯೊಳಗೆ ಹೋಗಿ, ಕೈ ಮುಗಿದು, ಎರಡೇ ನಿಮಿಷಕ್ಕೆ ಪಡಸಾಲೆಗೆ ಬಂದುಬಿಡುತ್ತಿದ್ದರು. ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟು "ಬಸ್ಸಿಗೆ ಹೊತ್ತಾತು" ಅನ್ನುತ್ತಿದ್ದರು. ಯಾಕೆಂದು ನನಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದೆ, ಎರಡು ಹೊತ್ತೂ ಊದುಬತ್ತಿ ಹಚ್ಚುತ್ತಿದ್ದೆ, ಕೋಣೆಗೊಂದು ರೂಮ್ ಫ್ರೆಶ್ನರ್ ತೂಗುಹಾಕಿದ್ದೆ. ಕೊನೆಗೆ ಚಿತ್ರದುರ್ಗದಿಂದ ಬಂದ ನಮ್ಮಕ್ಕ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಬೇಜಾರಾಗಬ್ಯಾಡ ಕಣೇ. ಮನೆ ತುಂಬ ಉಚ್ಚೆ ವಾಸ್ನೆ, ಅದರ ಮ್ಯಾಲೆ ಮಲ್ಲಿಗೆ ವಾಸ್ನೆ. ಎರಡೂ ಸೇರಿ ತಲೆ ಸಿಡೀತೈತಿ."

ಅಳು ಬಂತು. ಇಷ್ಟು ಮಾಡಿಯೂ ಹೀಗಾಯಿತಲ್ಲ ಎಂಬ ಅಳು. ಅದಕ್ಕಿಂತ ಹೆಚ್ಚಾಗಿ, ಮಾವನವರ ಹತ್ತಿರ ಜನ ಕೂರದೇ ಹೋದದ್ದಕ್ಕೆ ನನ್ನ ಮನೆಯ ಗಾಳಿ ಕಾರಣವಾಯಿತಲ್ಲ ಎಂಬ ಸಂಕಟ. ಅಕ್ಕ ಎರಡು ದಿನ ಉಳಿದು, ಒಂದೊಂದೇ ಮೂಲೆ ತೋರಿಸಿ, ಮಾಡಿಸಿ ಹೋದಳು. ಅಂದು ಕಲಿತದ್ದನ್ನೂ ಆಮೇಲೆ ದಾವಣಗೆರೆಯ ಬಿಸಿಲು, ಧೂಳು, ನೀರಿನ ಜೊತೆ ಏಗುತ್ತಾ ಕಂಡುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಕ್ರಮ ಮುಖ್ಯ. ನಾತ ಎಲ್ಲಿಂದ ಏಳುತ್ತಿದೆ ಎಂದು ಹುಡುಕುವುದು, ಅದನ್ನು ತೆಗೆಯುವುದು, ಒಣಗಿಸುವುದು, ಗಾಳಿ ಆಡಿಸುವುದು ಮೊದಲು. ಪರಿಮಳ ಕಟ್ಟಕಡೆಗೆ. ನಾನು ಕೊನೆಯ ಕೆಲಸವನ್ನೇ ಮೊದಲು ಮಾಡುತ್ತಿದ್ದೆ.

ಮೂಗಿಗೆ ಬಿಡುವು ಕೊಡಿ

ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಹೊಸದಾಗಿ ಬಂದ ಹೊಗೆಯೋ ಸೀದದ್ದೋ ತಟ್ಟನೆ ಗೊತ್ತಾಗಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಹಾಗಾಗಿ ನಮ್ಮ ಮನೆಯ ವಾಸನೆ ನಮಗೊಬ್ಬರಿಗೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಹೊರಗೆ ಹೋಗಿ. ಕುಂದವಾಡ ಕೆರೆ ಏರಿ ಮೇಲೆ ಒಂದು ಗಂಟೆ ಓಡಾಡಿಕೊಂಡು ಬನ್ನಿ. ವಾಪಸ್ ಬಂದು ಬೀಗ ತೆಗೆದು ಹೊಸ್ತಿಲಲ್ಲೇ ನಿಂತು ಮೂರು ಉಸಿರು ಎಳೆದುಕೊಳ್ಳಿ. ಆ ಮೂರು ಉಸಿರಿನಲ್ಲಿ ಸಿಕ್ಕಿದ್ದೇ ನಿಮ್ಮ ಮನೆಗೆ ಬಂದವರಿಗೆ ಸಿಗುವ ವಾಸನೆ. ಐದು ನಿಮಿಷ ಬಿಟ್ಟರೆ ಮೂಗು ಮತ್ತೆ ಸುಮ್ಮನಾಗುತ್ತದೆ, ಆದ್ದರಿಂದ ಕೂಡಲೇ ಒಂದೊಂದು ಕೋಣೆಗೂ ಹೋಗಿ. ನಿಂತು ಮೂಸಿದರೆ ಸಾಲದು. ಬಗ್ಗಿ ಮೂಸಿ: ದಿಂಬು, ಕಾಲೊರಸು, ಸೋಫಾದ ಸಂದಿ, ಬೀರುವಿನ ಕೆಳಗಿನ ಖಾನೆ, ಚಪ್ಪಲಿ ಗೂಡು, ಸಿಂಕಿನ ಕೆಳಗೆ.

ಇಲ್ಲಿ ನಮ್ಮ ಮಾತೇ ದೊಡ್ಡ ಸಹಾಯ ಮಾಡುತ್ತದೆ. ಕೆಟ್ಟ ವಾಸನೆಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ, ಒಂದೊಂದು ಹೆಸರೂ ಒಂದೊಂದು ಜಾಗ ತೋರಿಸುತ್ತದೆ. ಅತ್ತೆ ಬಾಗಿಲಲ್ಲಿ ನಿಂತು "ಮುಗ್ಗಲು ಹೊಡೀತೈತಿ" ಅಂದರೆ ನಾನು ಬೀರುವಿನ ಕಡೆ, ತೇವ ಹಿಡಿದ ಗೋಡೆ ಕಡೆ ಹೋಗುತ್ತೇನೆ. "ಕಮಟು" ಅಂದರೆ ಹಳೆ ಎಣ್ಣೆ, ಜಿಡ್ಡು. ಒಲೆಯ ಸುತ್ತ ಹುಡುಕಬೇಕು. "ಗಬ್ಬು" ಅಂದರೆ ಬಚ್ಚಲು, ಚರಂಡಿ. ಹುಳಿ ವಾಸನೆ ಅಂದರೆ ಒದ್ದೆ ಬಟ್ಟೆ ಮುದ್ದೆಯಾಗಿ ಎಲ್ಲೋ ಬಿದ್ದಿದೆ. ಘಾಟು ಅಂದರೆ ಒಗ್ಗರಣೆ ಅಥವಾ ಮೆಣಸಿನಕಾಯಿ, ಅದು ತಾನಾಗಿ ಹೋಗುತ್ತದೆ, ಚಿಂತೆ ಬೇಡ. ಬರೀ "ಏನೋ ವಾಸನೆ" ಎಂದು ಬಿಡದೆ ಅದಕ್ಕೊಂದು ಹೆಸರಿಡಿ. ಅರ್ಧ ಕೆಲಸ ಮುಗಿಯುತ್ತದೆ.

ಎರಡು ವಾಸನೆಗಳನ್ನು ಮಾತ್ರ ಯಾವತ್ತೂ ಪರಿಮಳದಿಂದ ಮುಚ್ಚಲು ಹೋಗಬೇಡಿ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಫ್ಯಾನ್ ಹಾಕಬೇಡಿ. ಹಾಗೇ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಇನ್ನೊಂದು, ಸ್ವಿಚ್ ಬೋರ್ಡಿನ ಹತ್ತಿರ ಬರುವ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಬಚ್ಚಲು: ಎರಡಿಂಚು ನೀರಿನ ಕಾವಲು

ದಾವಣಗೆರೆಯ ಮನೆಗಳಲ್ಲಿ ನಾನು ಕಂಡ ಗಬ್ಬಿನಲ್ಲಿ ಹೆಚ್ಚಿನ ಪಾಲು ಬಚ್ಚಲಿನದು, ಅದರಲ್ಲೂ ಬೇಸಿಗೆಯಲ್ಲಿ. ತೊಳೆಯದೇ ಇದ್ದದ್ದರಿಂದ ಬಂದದ್ದಲ್ಲ ಅದು. ನೀರು ಆರಿಹೋಗಿರುತ್ತದೆ.

ಬಚ್ಚಲ ಜಾಲರಿ ಎತ್ತಿ ನೋಡಿ. ಕೆಳಗೊಂದು ಗುಂಡಿ, ಅದರೊಳಗೆ ಬೋರಲು ಹಾಕಿದ ಒಂದು ಬಟ್ಟಲು. ಪ್ಲಂಬರುಗಳು ಇದನ್ನು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಗುಂಡಿಯಲ್ಲಿ ಸದಾ 50 ಮಿಲಿಮೀಟರ್, ಅಂದರೆ ಸುಮಾರು ಎರಡಿಂಚು ನೀರು ನಿಂತಿರಬೇಕು, ಬಟ್ಟಲಿನ ಅಂಚು ಆ ನೀರಿನಲ್ಲಿ ಮುಳುಗಿರಬೇಕು. ಸ್ನಾನದ ನೀರು ಅಂಚಿನ ಕೆಳಗಿಂದ ದಾಟಿ ಹೊರಗೆ ಹೋಗುತ್ತದೆ. ಚರಂಡಿಯ ಗಾಳಿ ಆ ನೀರನ್ನು ದಾಟಿ ಮೇಲೆ ಬರಲಾರದು. ನೀರು ಆರಿದರೆ ಚರಂಡಿಗೂ ನಿಮ್ಮ ಕೋಣೆಗೂ ನಡುವೆ ಏನೂ ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿ ಮುಟ್ಟುವಾಗ, ಯಾರೂ ಬಳಸದ ಮೇಲಿನ ಕೋಣೆಯ ಬಚ್ಚಲಲ್ಲಿ ಈ ನೀರು ನೋಡನೋಡುತ್ತಾ ಇಂಗಿಹೋಗುತ್ತದೆ. ನಲ್ಲಿ ನೀರಿಗೆ ಕಾಯುವ ದಿನಗಳಲ್ಲಿ ಬಳಸದ ಬಚ್ಚಲಿಗೆ ಸುಮ್ಮನೆ ನೀರು ಸುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಎರಡು ಚೊಂಬು ಸಾಕು. ಬಹಳ ದಿನ ಊರಿಗೆ ಹೋಗುವುದಿದ್ದರೆ ನೀರು ಸುರಿದ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ಪೊರೆಯಾಗಿ ನಿಂತು ನೀರು ಬೇಗ ಆರದಂತೆ ತಡೆಯುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಬೇರೆ. ಒಮ್ಮೆ ಬಚ್ಚಲು ಕಟ್ಟಿಕೊಂಡಾಗ ಬಂದ ಪ್ಲಂಬರ್ ಆ ಬಟ್ಟಲನ್ನು ಕಿತ್ತು "ಇದಿದ್ದರೆ ಕೂದಲು ಸಿಕ್ಕೊಳ್ತೈತಿ" ಎಂದು ಪಕ್ಕಕ್ಕಿಟ್ಟು ಹೋಗಿದ್ದ. ನೀರು ಸರಾಗ ಹರಿಯಿತು, ನಮಗೂ ಖುಷಿಯಾಯಿತು. ಕೊಳೆತ ಮೊಟ್ಟೆಯಂಥ ವಾಸನೆ, ಅಂದರೆ ಚರಂಡಿಯ ಹೈಡ್ರೋಜನ್ ಸಲ್ಫೈಡ್, ಎರಡು ವರ್ಷ ಮನೆಯೊಳಗೇ ಇತ್ತು. ಅಕ್ಕ ಜಾಲರಿ ಎತ್ತಿದ ತಕ್ಷಣ ಕೇಳಿದ್ದು "ಬಟ್ಟಲೆಲ್ಲಿ?" ಅಂತ. ಅಟ್ಟದ ಮೇಲೆ ತುಕ್ಕು ಡಬ್ಬಿಯ ಪಕ್ಕ ಸಿಕ್ಕಿತು. ತೊಳೆದು ಕೂರಿಸಿದೆವು, ಸಂಜೆಯ ಹೊತ್ತಿಗೆ ಮನೆಯ ಗಾಳಿ ಬದಲಾಗಿತ್ತು.

ಹದಿನೈದು ದಿನಕ್ಕೊಮ್ಮೆ ಬಟ್ಟಲು ತೆಗೆದು ತೊಳೆಯಿರಿ. ಕೈಗವಸು ಹಾಕಿಕೊಳ್ಳಿ. ಒಳಗೆ ಕೂದಲು, ಸೋಪಿನ ಬಿಳಿ ಜಿಗುಟು, ಶ್ಯಾಂಪೂ ಪ್ಯಾಕೆಟ್ಟಿನ ತುಂಡು ಸುತ್ತಿಕೊಂಡು ಕಪ್ಪು ಉಂಡೆಯಾಗಿರುತ್ತದೆ. ಅದನ್ನು ನೀರು ಬಿಟ್ಟು ತಳ್ಳಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬಟ್ಟಲಿನ ಒಳಮೈ ಉಜ್ಜಿ, ಬಿಸಿನೀರು ಹೊಯ್ದು ಮತ್ತೆ ಕೂರಿಸಿ. ವಾಷಿಂಗ್ ಮೆಷಿನ್ನಿನ ಪೈಪು ಚರಂಡಿ ತೂತಿಗೆ ಹೋಗುವ ಕಡೆ ಸುತ್ತ ಸಂದಿ ಇದ್ದರೆ ಅಲ್ಲಿಂದಲೂ ಗಬ್ಬು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆಂದೇ ರಬ್ಬರ್ ಬೂಚು ಸಿಗುತ್ತದೆ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಒಂದು ದಿನ ಒಂದೇ ವಸ್ತು, ಚೆನ್ನಾಗಿ ನೀರು ಹೊಯ್ದು ಮುಗಿಸಿ.

ಅಡುಗೆಮನೆಯ ಕಮಟು

ನಮ್ಮೂರಿನ ಅಡುಗೆಮನೆ ಅಂದರೆ ವಾರಕ್ಕೊಮ್ಮೆಯಾದರೂ ಮಂಡಕ್ಕಿ ಜೊತೆಗೆ ಮೆಣಸಿನಕಾಯಿ ಕರಿಯುವ ಜಾಗ. ಕರಿಯುವಾಗ ಬರುವ ಘಮ ಯಾರಿಗೆ ಬೇಡ? ತೊಂದರೆ ಮರುದಿನ ಶುರುವಾಗುತ್ತದೆ. ಕಾದ ಎಣ್ಣೆಯ ಆವಿ ಗೋಡೆ, ಡಬ್ಬಿಗಳ ಮುಚ್ಚಳ, ಫ್ಯಾನಿನ ರೆಕ್ಕೆ, ಪರದೆ ಎಲ್ಲದರ ಮೇಲೆ ತೆಳುವಾಗಿ ಕೂರುತ್ತದೆ. ಗಾಳಿ ತಾಗಿ ಅದು ಹಳಸಿ ಕಮಟಾಗುತ್ತದೆ, ಮೇಲೆ ಧೂಳು ಕೂತು ಅಂಟಾಗುತ್ತದೆ. ಆ ಅಂಟಿಗೆ ನಿಂಬೆ ಪರಿಮಳದ ಸ್ಪ್ರೇ ಹೊಡೆದರೆ ಏನೂ ಆಗುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ಸೋಪು ಬೆರೆಸಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಈ ನೀರು ತಾಗಿಸಬೇಡಿ, ಕಪ್ಪಾಗುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಬಾಣಲೆ ಇಡುವ ಮೊದಲೇ ಹಾಕಿ, ಒಲೆ ಆರಿಸಿ ಹತ್ತು ನಿಮಿಷ ಆದ ಮೇಲೆ ನಿಲ್ಲಿಸಿ. ಫ್ಯಾನ್ ಓಡುವಾಗ ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ. ಹೊರಗಿನ ಗಾಳಿ ಒಳಗೆ ಬರದೆ ಒಳಗಿನದು ಹೊರಗೆ ಹೋಗದು.

ಮಟನ್, ಮೀನು, ಮೊಟ್ಟೆಯ ನೀಸು ವಾಸನೆಗೆ ಹುಳಿಯೇ ಮದ್ದು. ಮೀನಿನ ವಾಸನೆ ತರುವ ಅಮೈನ್ ಎಂಬ ವಸ್ತುಗಳು ಹುಳಿ ಸೇರಿದರೆ ಆವಿಯಾಗಿ ಏಳುವುದಿಲ್ಲ. ಸಾರಿಗೆ ಕಿವುಚಿ ಉಳಿದ ಹುಣಸೆ ಸಿಪ್ಪೆಯನ್ನು ಎಸೆಯಬೇಡಿ. ಹಲಗೆ, ಈಳಿಗೆ, ಕೈ ಎಲ್ಲದಕ್ಕೂ ಅದೇ ಸಾಕು. ಮೊಟ್ಟೆ ಪಾತ್ರೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದು ಪಾತ್ರೆಗೇ ಅಂಟುತ್ತದೆ. ಆದರೆ ಈ ಹುಳಿಯನ್ನು ಶಹಾಬಾದ್ ಕಲ್ಲಿನ ನೆಲಕ್ಕೋ ಮಾರ್ಬಲ್ ಕಟ್ಟೆಗೋ ತಾಗಿಸಬೇಡಿ. ಎರಡೂ ಸುಣ್ಣದ ಜಾತಿಯ ಕಲ್ಲು, ಹುಳಿ ತಾಗಿದಲ್ಲಿ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆ ಎಬ್ಬಿಸಿದರೆ ಎಲ್ಲ ನಾತವೂ ಹೋಗುತ್ತದೆಂದು ಈಗ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದ್ದೇನೆ. ಆದರೆ ಒಂದು ಕ್ಷಾರ, ಒಂದು ಆಮ್ಲ. ಬೆರೆಸಿದ ಕೂಡಲೇ ಒಂದನ್ನೊಂದು ಹೊಡೆದುಹಾಕಿ ಹೆಚ್ಚುಕಡಿಮೆ ಉಪ್ಪುನೀರಾಗುತ್ತವೆ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವು. ಫ್ರಿಜ್ಜಿನಲ್ಲಿ 100 ಗ್ರಾಂ ಅಡುಗೆ ಸೋಡಾವನ್ನು ಅಗಲ ಬಟ್ಟಲಿನಲ್ಲಿ ತೆರೆದಿಡಿ, ತಿಂಗಳಿಗೊಮ್ಮೆ ಬದಲಿಸಿ. ಹಳೆಯದನ್ನು ಸಿಂಕು ಉಜ್ಜಲು ಬಳಸಬಹುದು. ಒಳಗೆಲ್ಲ ಒರೆಸಿದರೂ ಫ್ರಿಜ್ಜು ನಾರುತ್ತಿದ್ದರೆ ಹಿಂಭಾಗ ನೋಡಿ. ಕೆಳಗೊಂದು ಸಣ್ಣ ತಟ್ಟೆ ಇರುತ್ತದೆ, ಒಳಗಿನ ನೀರು ಬಂದು ಅಲ್ಲಿ ನಿಲ್ಲುತ್ತದೆ. ನಮ್ಮದರಲ್ಲಿ ನಾಲ್ಕು ವರ್ಷದ ಕೊಳೆ ಇತ್ತು.

ಪಾತ್ರೆ ಒರೆಸುವ ಬಟ್ಟೆಯನ್ನು ಮಾತ್ರ ಯಾರೂ ಲೆಕ್ಕಕ್ಕಿಡುವುದಿಲ್ಲ. ಅದೇ ಬಟ್ಟೆಯಿಂದ ಕಟ್ಟೆ ಒರೆಸಿ "ಕ್ಲೀನ್ ಆತು" ಅನ್ನುತ್ತೇವೆ, ಹುಳಿ ವಾಸನೆಯನ್ನು ಮನೆಯೆಲ್ಲ ಹಚ್ಚಿರುತ್ತೇವೆ. ವಾರಕ್ಕೊಮ್ಮೆ ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಹಾಕಿ. ದಿನಾ ರಾತ್ರಿ ಹಿಂಡಿ ಹರವಿ. ಮುದ್ದೆ ಮಾಡಿ ನಲ್ಲಿ ಮೇಲೆ ಇಡಬೇಡಿ. ಹಸಿ ಕಸ ರಾತ್ರಿ ಮನೆಯಲ್ಲಿ ಮಲಗಬಾರದು. ಬುಟ್ಟಿಯ ತಳಕ್ಕೆ ಎರಡು ಪದರ ಪೇಪರ್ ಹಾಸಿ, ಅದು ರಸ ಹೀರಿಕೊಳ್ಳುತ್ತದೆ.

ಮುಗ್ಗಲು

ಚಿತ್ರದುರ್ಗದ ನಮ್ಮ ತವರು ಮನೆ ಮಾಳಿಗೆ ಮನೆ, ಅಂದರೆ ಮಣ್ಣಿನ ಛಾವಣಿಯದು. ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪ ಕರಲು ಮಣ್ಣು ತರಿಸಿ ಮಾಳಿಗೆ ಮೇಲೆ ಹರವಿಸುತ್ತಿದ್ದರು. ಸೋರಿದರೆ ಜಂತೆ ತೇವವಾಗಿ, ತೇವದಿಂದ ಬೂಸಲು ಬಂದು, ಹಾಸಿಗೆ ಬಟ್ಟೆಯೆಲ್ಲ ಮುಗ್ಗುತ್ತಿತ್ತು. ಆರ್‌ಸಿಸಿ ಮನೆಗೆ ಬಂದಿದ್ದೇವೆ, ಆದರೆ ಮುಗ್ಗಲಿಗೆ ಕಾರಣ ಅಂದೂ ಇಂದೂ ತೇವ ಒಂದೇ. ಗೋಡೆಯಲ್ಲಿ ಪೈಪು ಒಸರುತ್ತಿದೆಯೇ, ಟೆರೇಸಿನಲ್ಲಿ ಬಿರುಕಿದೆಯೇ ಮೊದಲು ನೋಡಿಸಿ. ಅದನ್ನು ಬಿಟ್ಟು ಪೇಂಟ್ ಹೊಡೆಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿಬಿಸಿಯಾಗಿಯೇ ಒಳಗಿಟ್ಟರೆ ಆವಿ ಒಳಗೇ ಉಳಿಯುತ್ತದೆ. ಅರ್ಧ ಗಂಟೆ ಆರಲಿ. ಮಳೆಗಾಲ ಮುಗಿದ ಮೇಲೆ ಬರುವ ಒಳ್ಳೆ ಬಿಸಿಲಿನ ದಿನ ಬೀರು ಪೂರ್ತಿ ಖಾಲಿ ಮಾಡಿ, ಖಾನೆ ಒರೆಸಿ, ಬಾಗಿಲು ಇಡೀ ದಿನ ತೆರೆದಿಡಿ. ರೇಷ್ಮೆ ಸೀರೆಗೆ ಬಿಸಿಲು ಬೇಡ, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ನುಸಿ ಗುಳಿಗೆ ಹಾಕುವವರಿಗೆ ಒಂದು ಮಾತು: ಹಸುಗೂಸಿನ ಬಟ್ಟೆ, ಕಂಬಳಿ ಇರುವಲ್ಲಿ ಬೇಡವೇ ಬೇಡ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಕ್ಕಳಿಗೆ ಈ ಗುಳಿಗೆಯ ನಾಫ್ತಲೀನ್ ತಾಗಿದರೆ ರಕ್ತಕಣಗಳೇ ಒಡೆಯುತ್ತವೆ. ಒಣಗಿಸಿದ ಬೇವಿನ ಸೊಪ್ಪು, ಬಟ್ಟೆಗಂಟಿನಲ್ಲಿ ಲಾವಂಚದ ಬೇರು ಇಡಿ. ಕರ್ಪೂರ ಇಡುವುದಾದರೂ ಮಕ್ಕಳ ಕೈಗೆ ಸಿಗದ ಹಾಗೆ. ನುಂಗಿದರೆ ಅದು ವಿಷ.

ಹಾಸಿಗೆ ಹಿಡಿದವರ ಕೋಣೆ

ಮೂತ್ರ ಆಗಷ್ಟೇ ಬಿದ್ದಾಗ ಅಷ್ಟು ನಾರುವುದಿಲ್ಲ. ಹೊತ್ತು ಕಳೆದಂತೆ ಬ್ಯಾಕ್ಟೀರಿಯಾ ಅದರಲ್ಲಿನ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಹಾಗಾಗಿ ಇಲ್ಲಿ ಗೆಲ್ಲುವುದು ಬೇಗ ಮಾಡಿದವರು. ಒದ್ದೆ ಚಾದರವನ್ನು ತಕ್ಷಣ ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಎನ್‌ಜೈಮ್ ಇರುವ ಬಟ್ಟೆ ಪುಡಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಒಂದು ಗಂಟೆ ನೆನೆಹಾಕಿ ಒಗೆಯಿರಿ. ಪಾಟ್ ಅನ್ನು ಬಳಸಿದ ಕೂಡಲೇ ಖಾಲಿ ಮಾಡಿ, ಮುಚ್ಚಳ ಹಾಕಿ.

ಹತ್ತಿಯ ಗಾದಿಗೆ ಇಳಿದಿದ್ದರೆ ಉಜ್ಜಬೇಡಿ, ಒಣಬಟ್ಟೆ ಒತ್ತಿ ಒತ್ತಿ ಹೀರಿಸಿ. ಒಂದು ಪಾಲು ವಿನೆಗರ್, ಎರಡು ಪಾಲು ನೀರು ಬೆರೆಸಿ ಚಿಮುಕಿಸಿ ಮತ್ತೆ ಒತ್ತಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿ, ಎರಡು ದಿನ ಕಡಕ್ ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು. ಯೂರಿಕ್ ಆಮ್ಲದ ಹರಳು ಒಳಗೇ ಉಳಿದರೆ ಮಳೆಗಾಲದ ತೇವಕ್ಕೆ ವಾಸನೆ ಮತ್ತೆ ಏಳುತ್ತದೆ. ಆಗ ಗಾದಿ ಬಿಚ್ಚಿ ಹತ್ತಿ ಬದಲಿಸದೆ ಬೇರೆ ದಾರಿಯಿಲ್ಲ. ನಾವು ಹಾಗೇ ಮಾಡಿದೆವು. ಹೊಸ ಗಾದಿಗೆ ಮೊದಲ ದಿನವೇ ರಬ್ಬರ್ ಶೀಟು, ಅದರ ಮೇಲೆ ಹಳೇ ಕಾಟನ್ ಸೀರೆಯ ಎರಡು ಮಡಿಕೆ. ಸೀರೆ ಒದ್ದೆಯಾದರೆ ಅದೊಂದನ್ನೇ ಎಳೆದು ಬದಲಿಸಬಹುದು, ಅವರನ್ನು ಎತ್ತಿ ಆಡಿಸುವ ಕಷ್ಟವಿಲ್ಲ.

ದಿನಕ್ಕೆರಡು ಸಲ ಅವರಿಗೆ ಹೊದಿಕೆ ಹೊದಿಸಿ ಹತ್ತು ನಿಮಿಷ ಕಿಟಕಿ ಬಾಗಿಲು ಎರಡೂ ತೆರೆಯಿರಿ. ಈ ಕೋಣೆಯಲ್ಲಿ ಹೊಗೆ ಬೇಡ, ಊದುಬತ್ತಿಯದ್ದೂ ಬೇಡ, ಮಲಗಿದವರ ಎದೆಗೆ ಅದು ಭಾರ. ಮತ್ತೆ ಅವರ ಮುಂದೆ ಮೂಗು ಮುಚ್ಚಿಕೊಳ್ಳಬೇಡಿ. ಮಾವನವರು ಮಾತಾಡುತ್ತಿರಲಿಲ್ಲ, ಆದರೆ ಯಾರು ಸೆರಗು ಮೂಗಿಗೆ ಒತ್ತಿಕೊಂಡರು ಎಂದು ಅವರ ಕಣ್ಣು ನೋಡುತ್ತಿತ್ತು.

ಗಾಳಿಗೂ ಹೊತ್ತಿದೆ

ಬೇಸಿಗೆಯಲ್ಲಿ ಇಡೀ ದಿನ ಕಿಟಕಿ ತೆರೆದರೆ ಬರುವುದು ಧಗೆ ಮತ್ತು ಧೂಳು. ಬೆಳಿಗ್ಗೆ ಎಂಟರೊಳಗೆ, ಮತ್ತೆ ಹೊತ್ತು ಮುಳುಗಿದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಪಡುವಣ ಕಿಟಕಿ ಸ್ವಲ್ಪ, ಮೂಡಣದ್ದು ಪೂರ್ತಿ ತೆರೆದರೆ ಹತ್ತೇ ನಿಮಿಷದಲ್ಲಿ ಮನೆಯ ಗಾಳಿ ಬದಲಾಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇರುವವರು ಭಟ್ಟಿ ಉರಿಯುವ ಹೊತ್ತು ತಪ್ಪಿಸಿ ತೆರೆಯಬೇಕು.

ಈಗ ಪರಿಮಳ

ಇಷ್ಟಾದ ಮೇಲೆ ಮನೆಗೆ ಯಾವ ವಾಸನೆಯೂ ಇರುವುದಿಲ್ಲ. ಆ ಏನೂ ಇಲ್ಲದ ವಾಸನೆಯಲ್ಲಿ ಒಂದು ದಿನ ಸುಮ್ಮನೆ ಇದ್ದು ನೋಡಿ. ಬಹಳ ಮನೆಗಳಿಗೆ ಅಷ್ಟೇ ಸಾಕು. ಮೇಲೆ ಪರಿಮಳ ಬೇಕೆನಿಸಿದರೆ ಒಂದು ಹೊತ್ತಿಗೆ ಒಂದೇ ಇರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆಣ್ಣೆ ಕಾಯಿಸುವ ಘಮ. ದೋಸೆಯಿಂದಾಗಿ ನಮ್ಮೂರಿನ ಬೆಣ್ಣೆ ಎಲ್ಲರಿಗೂ ಗೊತ್ತು, ತುಪ್ಪದ ಘಮ ಮನೆಯವರಿಗೆ ಮಾತ್ರ ಗೊತ್ತು. ಭಾನುವಾರ ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಒಂದು ಕಿಲೋ ಬೆಣ್ಣೆ ಇಡಿ, ಉರಿ ಸಣ್ಣಗಿರಲಿ. ಮೊದಲು ಚಟಪಟ ಸದ್ದು, ಬಿಳಿ ನೊರೆ. ನೀರಿನಂಶ ಹೋದಂತೆ ಸದ್ದು ತಗ್ಗುತ್ತದೆ, ನೊರೆ ತೆಳುವಾಗಿ ಕೆಳಗೆ ಬಂಗಾರದ ಬಣ್ಣ ಕಾಣುತ್ತದೆ. ತಳದ ಗಸಿ ತಿಳಿಗಂದು ಆಗುವ ಹೊತ್ತಿಗೆ ಒಂದು ವೀಳ್ಯದೆಲೆ ಅಥವಾ ಒಂದು ಹಿಡಿ ನುಗ್ಗೆಸೊಪ್ಪು ಹಾಕಿ, ಚುಂಯ್ ಎಂದ ಕೂಡಲೇ ಒಲೆ ಆರಿಸಿ. ಸುಮಾರು 800 ಗ್ರಾಂ ತುಪ್ಪ, ಮಧ್ಯಾಹ್ನದವರೆಗೆ ಮನೆ ತುಂಬ ಘಮ. ಒಂದು ನಿಮಿಷ ತಡವಾದರೆ ಸೀದ ವಾಸನೆ, ಅಲ್ಲೇ ನಿಂತಿರಿ.

ಹೂವಿನ ವಿಷಯದಲ್ಲಿ ಹೊತ್ತು ನೋಡಬೇಕು. ಸುಗಂಧರಾಜ ಮತ್ತು ಮಲ್ಲಿಗೆ ಸಂಜೆ ಅರಳಿ ರಾತ್ರಿ ಕಂಪು ಬಿಡುತ್ತವೆ, ನೆಂಟರು ಸಂಜೆ ಬರುವುದಿದ್ದರೆ ಇವೇ ಸರಿ. ಸುಗಂಧರಾಜದ ದಂಟನ್ನು ಓರೆಯಾಗಿ ಕತ್ತರಿಸಿ ನೀರಿಗಿಡಿ, ನೀರು ದಿನಾ ಬದಲಿಸಿ. ಬದಲಿಸದಿದ್ದರೆ ಮೂರನೇ ದಿನಕ್ಕೆ ಹೂವಿನ ಬದಲು ಕೊಳೆತ ದಂಟು ನಾರುತ್ತದೆ. ದೇವರಿಗೆ ಏರಿಸಿದ ಹೂವನ್ನೂ ಮರುದಿನ ತಪ್ಪದೆ ತೆಗೆಯಿರಿ. ಮರುಗ, ದವನ ಒಣಗಿದ ಮೇಲೂ ಕಂಪು ಉಳಿಸಿಕೊಳ್ಳುತ್ತವೆ. ಮಾಲೆಯಿಂದ ಉದುರಿದ ಎಸಳುಗಳನ್ನು ನೆರಳಲ್ಲಿ ಒಣಗಿಸಿ ತೆಳು ಬಟ್ಟೆಯಲ್ಲಿ ಕಟ್ಟಿ ದಿಂಬಿನ ಪಕ್ಕ ಇಡಿ.

ಬೇಸಿಗೆಗೆ ಲಾವಂಚ. ಹೊಸ ಮಣ್ಣಿನ ಮಡಕೆಗೆ ನೀರು ತುಂಬಿ, ತೊಳೆದ ಬೇರಿನ ಒಂದು ಸಣ್ಣ ಕಟ್ಟು ಹಾಕಿ ಕಿಟಕಿ ಪಕ್ಕ ಇಡಿ, ಗಾಳಿ ತಾಗುವಲ್ಲಿ. ಮಡಕೆ ಒಸರುವಾಗ ಮೊದಲ ಮಳೆಯ ಮಣ್ಣಿನ ವಾಸನೆಯೂ ಜೊತೆಗೆ ಬರುತ್ತದೆ. ಆ ಮಳೆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ ಇದರದ್ದೇ ಅತ್ತರು ಮಾಡುತ್ತಾರೆ. ನಮಗೆ ಒಂದು ಮಡಕೆ ಸಾಕು.

ಮಳೆ ಹಿಡಿದ ದಿನ, ಅರ್ಧ ಲೀಟರ್ ನೀರಿಗೆ ಎರಡು ನಿಂಬೆ ಸಿಪ್ಪೆ, ಒಂದಿಂಚು ಚಕ್ಕೆ, ನಾಲ್ಕು ಲವಂಗ, ಪಾಯಸಕ್ಕೆ ಬಿಡಿಸಿ ಉಳಿದ ಏಲಕ್ಕಿ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಹೊಗೆಯಿಲ್ಲ, ಉಬ್ಬಸದವರಿಗೂ ಬಹುತೇಕ ತೊಂದರೆಯಿಲ್ಲ.

ಸಾಂಬ್ರಾಣಿಗೆ ಕೆಂಡ ಸರಿಯಿರಬೇಕು. ತೆಂಗಿನ ಕರಟವನ್ನು ಹೊರಗಡೆ ಸುಟ್ಟು, ಹೊಗೆ ನಿಂತು ಮೇಲೆ ಬೂದಿ ಬಿಳುಪಾದ ಮೇಲೆ ಧೂಪದ ಮಡಕೆಗೆ ಹಾಕಿ ಒಳಗೆ ತನ್ನಿ. ಒಂದು ಚಿಟಿಕೆ ಸಾಕು. ಮನೆಯೆಲ್ಲ ಒಂದು ಸುತ್ತು ತೋರಿಸಿ, ಐದು ನಿಮಿಷ ಬಿಟ್ಟು ಕಿಟಕಿ ತೆರೆಯಿರಿ. ಹೊಗೆ ಹೋದ ಮೇಲೆ ಉಳಿಯುವ ತೆಳು ವಾಸನೆಯೇ ಸಾಂಬ್ರಾಣಿಯ ನಿಜವಾದ ಪರಿಮಳ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಎಳೆಗೂಸಿಗೆ ಎರೆದ ಮೇಲೆ ಹೊಗೆ ಹಿಡಿಯುವ ಪದ್ಧತಿಯನ್ನೂ ಬಿಡುವುದು ಒಳ್ಳೆಯದು. ಎಷ್ಟು ಪ್ರೀತಿಯಿಂದ ಮಾಡಿದರೂ ಅದು ಹೊಗೆಯೇ. ಊದುಬತ್ತಿಯೂ ಹಾಗೆಯೇ, ದೊಡ್ಡ ಕೋಣೆಗೂ ಒಂದೇ ಕಡ್ಡಿ. 2005ರಲ್ಲಿ ಭೌಗೋಳಿಕ ಗುರುತು ಪಡೆದ ಮೈಸೂರು ಅಗರಬತ್ತಿಯಂಥ ಒಳ್ಳೆ ಬತ್ತಿ ಒಂದು ಹಚ್ಚುವುದು, ಅಗ್ಗದ್ದು ಐದು ಹಚ್ಚುವುದಕ್ಕಿಂತ ಮೇಲು.

ದುಗ್ಗಮ್ಮನ ಜಾತ್ರೆ ಬಂದಾಗ

ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಮನೆ ತುಂಬ ನೆಂಟರು, ಒಲೆ ತುಂಬ ಅಡುಗೆ. ಆಗ ನಾನು ಹೀಗೆ ಮಾಡುತ್ತೇನೆ. ಹದಿನೈದು ದಿನ ಮುಂಚೆ ಗಾದಿ, ದಿಂಬು, ಹೆಚ್ಚುವರಿ ಹೊದಿಕೆ ಎಲ್ಲ ಬಿಸಿಲಿಗೆ. ವರ್ಷವಿಡೀ ಅಟ್ಟದಲ್ಲಿದ್ದ ಹೊದಿಕೆಯನ್ನು ನೇರ ನೆಂಟರಿಗೆ ಕೊಟ್ಟರೆ ಮುಗ್ಗಲನ್ನೇ ಹೊದಿಸಿದ ಹಾಗೆ. ಒಂದು ವಾರ ಮುಂಚೆ ಎಲ್ಲ ಬಚ್ಚಲ ಬಟ್ಟಲು ತೊಳೆಯುವುದು, ಫ್ರಿಜ್ಜು ಖಾಲಿ ಮಾಡುವುದು. ಅಡುಗೆಯ ದಿನ ಕಸದ ಬುಟ್ಟಿ ಎರಡು, ಮೂಳೆಗೆ ಬೇರೆ, ಮುಚ್ಚಳ ಇರುವಂಥದ್ದು. ಊಟ ಮುಗಿದ ಕೂಡಲೇ ಹೊರಗೆ. ಆ ದಿನ ಪರಿಮಳ ಯಾವುದೂ ಹಾಕುವುದಿಲ್ಲ. ಮಸಾಲೆಯ ಘಮದ ಮೇಲೆ ಇನ್ನೊಂದು ಸೇರಿದರೆ ಎರಡೂ ಕೆಡುತ್ತವೆ. ರಾತ್ರಿ ಪಾತ್ರೆ ತೊಳೆದು, ಹುಣಸೆ ನೀರಿನಿಂದ ಸ್ಟೀಲ್ ಸಿಂಕು ಉಜ್ಜಿ, ಎದುರುಬದುರು ಕಿಟಕಿ ತೆರೆದು, ಬಾಗಿಲ ಬಳಿ ಒಂದು ಮಾರು ಮಲ್ಲಿಗೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತೇನೆ.

ಉಳಿದ ದಿನಗಳಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರದ ಮೇಲೆ ಒಂದು ಚುಕ್ಕೆ ಇಟ್ಟಿದ್ದೇನೆ. ಅಂದರೆ ಮೇಲಿನ ಬಚ್ಚಲಿಗೆ ಎರಡು ಚೊಂಬು ನೀರು, ಪಾತ್ರೆ ಒರೆಸುವ ಬಟ್ಟೆ ಕುದಿಯುವ ನೀರಿಗೆ. ಚುಕ್ಕೆ ಇಡುವುದು ಈಗ ಮಗಳ ಕೆಲಸ.